ಚಿನಮಿನಿ ಎಂದು ಹೇಳಿದ ಮಾತು

ಕೃಷ್ಣಾ ದಂಡೆಯಲ್ಲೊಂದು ಆಶ್ರಮ. ಅಲ್ಲಿಯ ನಿರುಪಾದಪ್ಪ ಅಜ್ಜನವರು ಹರೆಯದಲ್ಲಿ ಹನ್ನೆರಡು ವರ್ಷ ಜಪಾನಿನ ಮಠವೊಂದರಲ್ಲಿದ್ದು ಬಂದವರು. ಅಲ್ಲಿ ಕಸ ಗುಡಿಸುತ್ತಿದ್ದೆ, ಮತ್ತೇನಿಲ್ಲ ಅನ್ನುತ್ತಿದ್ದರು.

ಅದೇ ಮಠಕ್ಕೆ ಈಗ ಶಿಷ್ಯ ದೇವೇಂದ್ರ ಹೊರಟಿದ್ದ. ವಿಮಾನಕ್ಕೆ ಇನ್ನು ಆರೇ ದಿನ.

ದಿನಾ ಬೆಳಿಗ್ಗೆ ಅಜ್ಜನವರು ಅವನಿಗೆ ಜಪಾನಿ ಮಾತು ಕಲಿಸುತ್ತಿದ್ದರು. ಅವತ್ತಿನ ಪಾಠ ಯಾವುದು ಅಂತೀರಾ? ಮಾತಿನ ನಡುವೆ ಸಣ್ಣಪುಟ್ಟ ಸಂಗತಿ ಸೇರಿಸುವುದು. ನಾವು 'ಅಂದ ಹಾಗೆ' ಅನ್ನುವಲ್ಲಿ ಅವರು 'ಚಿನಮಿನಿ' ಅನ್ನುತ್ತಾರೆ. ಹೇಳಿದ್ದಕ್ಕೊಂದು ಷರತ್ತು ಹಾಕಬೇಕಾದರೆ 'ತದಶಿ'.

ನಿಮ್ಮೂರಿನ ಬಗ್ಗೆ ಹೇಳು ನೋಡೋಣ ಎಂದರು ಅಜ್ಜನವರು.

ದೇವೇಂದ್ರನಿಗೆ ಅವತ್ತು ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮೊಣಕಾಲು ಕುಣಿಯುತ್ತಿತ್ತು, ಕಣ್ಣು ಹೊಳೆಯ ಕಡೆಗೇ ಹೋಗುತ್ತಿತ್ತು. ಬಾಯಿ ಮಾತ್ರ ಪಟಪಟ ಓಡಿತು. ಊರಿನ ಸಂತೆ ಸೋಮವಾರ. ಚಿನಮಿನಿ, ಬದನೆಕಾಯಿ ಅಲ್ಲಿ ಅಗ್ಗ. ದೋಣಿ ದಿನಕ್ಕೆರಡು ಸಲ. ತದಶಿ, ಹೊಳೆ ತುಂಬಿದರೆ ಇಲ್ಲ. ಮನೆಯಲ್ಲಿ ಎರಡು ಎಮ್ಮೆ. ಚಿನಮಿನಿ, ಅಪ್ಪ ನಾಲ್ಕು ದಿನದಿಂದ ಊಟ ಮುಟ್ಟಿಲ್ಲ. ಶಾಲೆಗೆ ಹೊಸ ಮಾಸ್ತರು ಬಂದಿದ್ದಾರೆ...

ಅಜ್ಜನವರು ಕೈಯೆತ್ತಿ ತಡೆದರು. ಅಪ್ಪನ ಸುದ್ದಿ ಯಾವಾಗ ಬಂತು ಎಂದು ಕೇಳಿದರು.

ನಿನ್ನೆ ಅಣ್ಣ ಫೋನ್ ಮಾಡಿದ್ದನಂತೆ. ಅಪ್ಪ ಹಾಸಿಗೆ ಹಿಡಿದು ಇವನ ಹೆಸರನ್ನೇ ಕನವರಿಸುತ್ತಾನಂತೆ.

"ಸುಮ್ನ ಅಭ್ಯಾಸಕ್ಕಂತ ಹೇಳಿದೆರಿ, ಅಜ್ಜಾರ," ಎಂದು ದೇವೇಂದ್ರ ತಲೆ ತಗ್ಗಿಸಿದ.

"ಹಂಗಾರ ಆ ಒಂದು ಮಾತು ಬಿಟ್ಟು, ಉಳಿದದ್ದನ್ನ ಮತ್ತೊಮ್ಮೆ ಹೇಳು."

ದೇವೇಂದ್ರ ಬಾಯಿ ತೆರೆದ. ಸಂತೆ ಯಾವ ವಾರ ಅಂದಿದ್ದನೋ ನೆನಪಾಗಲಿಲ್ಲ. ದೋಣಿಯೂ ಮರೆತುಹೋಗಿತ್ತು. ಮೂರು ಸಲ ಶುರುಮಾಡಿದ, ಮೂರು ಸಲವೂ ಅಪ್ಪನ ಮಾತೇ ಬಂತು.

ಆ ಮಠದವರು ವರ್ಷಕ್ಕೆ ಒಬ್ಬನನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಈ ಸರದಿಗಾಗಿ ಅವನು ಮೂರು ವರ್ಷ ಕಾದಿದ್ದ. ಅದು ಕೈತಪ್ಪೀತೆಂಬುದೇ ಅವನ ಭಯ.

"ಊರಿಗೆ ಹೋದ್ರ ಅವ್ವ ಮತ್ತ ಬಿಡಂಗಿಲ್ರಿ. ಜಪಾನು ತಪ್ಪಿಹೋಗ್ತದ."

ತಪ್ಪಬಹುದು ಎಂದು ಅಜ್ಜನವರು ಒಪ್ಪಿಕೊಂಡರು. ಆ ಮಠಕ್ಕೆ ಇವನನ್ನು ಕಳಿಸಬೇಕೆಂದು ಅವರಿಗೂ ಬಹಳ ಆಸೆಯಿತ್ತು, ಪಾಪ.

ಪುಸ್ತಕ ಮುಚ್ಚಿ, ಕೋಲಿನಿಂದ ಶಿಷ್ಯನ ಚಪ್ಪಲಿಗಳನ್ನು ಅವನ ಕಾಲ ಬಳಿಗೆ ಸರಿಸಿದರು.

"ಹೋಗಿ ಅಪ್ಪನ ಮಗ್ಗಲಾಗ ಕೂಡು. ಜಪಾನಿನ ಸುದ್ದಿ, ಎಲ್ಲಾ ಮಾತು ಮುಗಿದ ಮ್ಯಾಲ, ನೆನಪಾದ್ರ, ಚಿನಮಿನಿ ಅಂತ ಹೇಳು."