ಬಟ್ಟೆ ಕಟ್ಟಿದ ಹೀರೆಕಾಯಿ

ನದಿಯ ದಂಡೆಯ ಒಂದು ಆಶ್ರಮದಲ್ಲಿ ಸಂಕಮ್ಮ ಎಂಬ ಗುರು ಇದ್ದರು. ಅವರು ಪ್ರವಚನ ಮಾಡುತ್ತಿರಲಿಲ್ಲ, ಅಡುಗೆ ಮಾಡುತ್ತಿದ್ದರು. ಕಲಿಯುವವರು ಕಲಿತರು, ಉಳಿದವರು ಉಂಡು ಹೋದರು.

ಅಡುಗೆಗೆ ಒಂದೇ ನಿಯಮ. ಬೆಳಗ್ಗೆ ಹಿತ್ತಲಿಗೆ ಹೋಗಬೇಕು, ಆ ದಿನ ಅಲ್ಲಿ ಏನಿದೆಯೋ ಅದನ್ನೇ ಬೇಯಿಸಬೇಕು. ಸಂತೆಯಿಂದ ಒಂದು ಎಸಳು ಕರಿಬೇವೂ ಬರುವಂತಿಲ್ಲ.

ಸಂಕಮ್ಮನವರ ಕಣ್ಣಿಗೆ ಪೊರೆ ಬಂದಿತ್ತು. ಭಾದ್ರಪದದ ಹುಣ್ಣಿಮೆಯ ಹಿಂದಿನ ದಿನ ಅವರು ತಮ್ಮ ಸೌಟನ್ನು ಶಿಷ್ಯೆ ಕುಮುದಿನಿಯ ಕೈಗೆ ಕೊಟ್ಟರು.

“ನಾಳೆಯ ಊಟ ನಿನ್ನದು. ನಲವತ್ತು ಎಲೆ. ಸರಿಹೋದರೆ ಸೌಟು ನಿನ್ನ ಹತ್ತಿರವೇ ಇರಲಿ.”

“ಸರಿಹೋಗದಿದ್ದರೆ, ಅಮ್ಮಾ?”

“ಹಿತ್ತಲಿಗೆ ನೀರು ಹಾಕುವವರೂ ಬೇಕಲ್ಲ.”

ಕುಮುದಿನಿ ಏಳು ವರ್ಷದಿಂದ ನೀರನ್ನೇ ಹಾಕಿಕೊಂಡು ಬಂದಿದ್ದಳು.

“ನಲವತ್ತೈದು ಜನ ಬಂದುಬಿಟ್ಟರೆ?”

“ಬರಲಿ.”

“ಪಲ್ಯ ಸಾಲದೆ ಹೋದರೆ?”

“ಹುಳಿ ಬಡಿಸು.”

“ಹುಳಿಯೂ ಸಾಲದಿದ್ದರೆ?”

“ಮಜ್ಜಿಗೆ ಇದೆ. ಅದೂ ಸಾಲದಿದ್ದರೆ ನದಿ ಇದೆ. ಹೋಗಿ ಮಲಗು, ತಾಯಿ.”

ಕುಮುದಿನಿ ಮಲಗಿದಳು. ನಿದ್ದೆ ಮಾತ್ರ ಬರಲಿಲ್ಲ.

ಬೆಳಗ್ಗೆ ಹಿತ್ತಲು ಧಾರಾಳವಾಗಿಯೇ ಕೊಟ್ಟಿತು. ಹುಳಿಗೆ ಹರಿವೆ ದಂಟು, ತಂಬುಳಿಗೆ ಬೇಲಿ ಪಕ್ಕದ ದೊಡ್ಡಪತ್ರೆ, ಪಲ್ಯಕ್ಕೆ ಚಪ್ಪರದ ಹೀರೆಕಾಯಿ. ಸಿಪ್ಪೆಯಲ್ಲಿ ಚಟ್ನಿ ಆಗುತ್ತದೆ.

ಅವಳು ಹೀರೆಕಾಯಿ ಎಣಿಸಿದಳು. ಹತ್ತೊಂಬತ್ತು. ಬುಟ್ಟಿಯಿಂದ ತೆಗೆದು ಮತ್ತೆ ಎಣಿಸಿದಳು. ಆಗಲೂ ಹತ್ತೊಂಬತ್ತೇ.

ಇಪ್ಪತ್ತನೆಯದು ಚಪ್ಪರದ ತುದಿಯಲ್ಲಿ ತೂಗುತ್ತಿತ್ತು. ಅದರ ಕುತ್ತಿಗೆಗೆ ಕೆಂಪು ಬಟ್ಟೆಯ ಚೂರು ಕಟ್ಟಿತ್ತು.

ಅದು ಬೀಜಕ್ಕೆ ಬಿಟ್ಟ ಕಾಯಿ. ಬಳ್ಳಿಯಲ್ಲೇ ಬಲಿತು ಒಣಗಬೇಕು. ಸಂಕಮ್ಮನವರ ಗುರು ಸೆರಗಿನ ಗಂಟಿನಲ್ಲಿ ತಂದ ತಳಿ. ಮಡಕೆಯಲ್ಲಿ ಮಿಕ್ಕಿದ್ದ ಹಳೆಯ ಬೀಜವನ್ನೆಲ್ಲ ಆ ಮಳೆಗಾಲದಲ್ಲಿ ಇಲಿ ತಿಂದು ಮುಗಿಸಿತ್ತು. ಮುಂದಿನ ವರ್ಷದ ಬಿತ್ತನೆ ಈಗ ಈ ಒಂದು ಕಾಯಿಯೊಳಗೆ. ಇದು ಆಶ್ರಮದಲ್ಲಿ ಎಲ್ಲರಿಗೂ ಗೊತ್ತಿತ್ತು.

ಕುಮುದಿನಿಗೂ ಗೊತ್ತಿತ್ತು.

ಮುಟ್ಟಿ ನೋಡಿದಳು. ಇನ್ನೂ ಹಸಿರಾಗಿದೆ. ಒಂದು ಕಾಯಿ ಹೆಚ್ಚಿಗೆ ಇದ್ದರೆ ಎಷ್ಟೋ ಧೈರ್ಯ. ಸಾಲದೆ ಹೋದರೆ? ಸಾಲದೆ ಹೋದರೆ?

ಬಟ್ಟೆ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಾಯಿ ಕೊಯ್ದಳು.

ಈಳಿಗೆಮಣೆಯ ಮುಂದೆ ಕೂತು ಹೆಚ್ಚುವಾಗ ಕೈ ನಿಂತಿತು. ಒಳಗೆಲ್ಲ ನಾರು. ನಾರಿನ ನಡುವೆ ಬೀಜ, ಬೆಳ್ಳಗೆ, ಮೆತ್ತಗೆ. ತಿನ್ನಲಾರದಷ್ಟು ಬಲಿತಿತ್ತು, ಬಿತ್ತುವಷ್ಟು ಬಲಿತಿರಲಿಲ್ಲ.

ಎಸೆದರೆ ಯಾರಾದರೂ ನೋಡುತ್ತಾರೆ. ಉಳಿದದ್ದರ ಜೊತೆ ಅದನ್ನೂ ಒಗ್ಗರಣೆಗೆ ಹಾಕಿದಳು.

ಊಟಕ್ಕೆ ಬಂದವರು ಮೂವತ್ತೆಂಟು ಜನ.

ತಂಬುಳಿಯನ್ನು ಎರಡೆರಡು ಸಲ ಕೇಳಿ ಹಾಕಿಸಿಕೊಂಡರು. ದಂಟು ಚೀಪುವ ಸದ್ದು ಸಾಲಿನುದ್ದಕ್ಕೂ ಕೇಳುತ್ತಿತ್ತು. ದೋಣಿ ನಡೆಸುವ ಜಟ್ಟಪ್ಪ ಬಾಯಿಂದ ಒಂದು ಎಳೆ ತೆಗೆದು ಎತ್ತಿ ಹಿಡಿದ.

“ಏನ್ ತಾಯಿ, ಪಲ್ಯದಾಗೆ ಹಗ್ಗ ಹೊಸೆದಿದೀರಾ? ಇನ್ನೊಂದು ಸೌಟು ಹಾಕಿ, ದೋಣಿ ಕಟ್ಟಾಕೆ ಬೇಕಿತ್ತು!”

ಎಲ್ಲರೂ ನಕ್ಕರು. ಕುಮುದಿನಿಯ ಕಿವಿ ಬಿಸಿಯಾಯಿತು.

ಸಂಕಮ್ಮ ನಗಲಿಲ್ಲ. ತಮ್ಮ ತುತ್ತಿನಲ್ಲಿ ಸಿಕ್ಕ ನಾರನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು. ಎಲೆಯ ಅಂಚಿಗೆ ಇಟ್ಟರು. ಊಟ ಮುಗಿಸಿ, ಕೈತೊಳೆದು, ಹೊರಗಿನ ಕಟ್ಟೆಯ ಮೇಲೆ ಕೂತರು.

ಎಲ್ಲರೂ ಹೋದರು. ಸಂಕಮ್ಮ ಬೈಯುತ್ತಾರೆಂದು ಕುಮುದಿನಿ ಕಾದಳು. ಪಾತ್ರೆ ತೊಳೆದಳು. ತೊಳೆದ ಪಾತ್ರೆಯನ್ನೇ ಇನ್ನೊಮ್ಮೆ ತೊಳೆದಳು. ಯಾರೂ ಬೈಯಲಿಲ್ಲ. ಅದನ್ನು ಸಹಿಸುವುದು ಅವಳಿಂದ ಆಗಲಿಲ್ಲ.

“ಅಮ್ಮಾ, ಬೀಜದ ಕಾಯಿ ಕೊಯ್ದುಬಿಟ್ಟೆ.”

“ಹೂಂ. ತಿಂದೆ.”

“ಸಾಲದೆ ಹೋದರೆ ಅಂತ ಹೆದರಿದೆ.”

“ಪಲ್ಯ ಎಷ್ಟು ಉಳಿಯಿತು?”

ಕುಮುದಿನಿ ತಲೆ ತಗ್ಗಿಸಿದಳು. “ಒಂದು ತಪ್ಪಲೆ.”

“ಯಾರಿಗೆ ಹಾಕಿದೆ?”

“ಹಸುವಿಗೆ.”

“ಅದಾದರೂ ಚೆನ್ನಾಗಿದೆ ಅಂದಿತಾ?”

ಕುಮುದಿನಿಗೆ ಅಳು ಬಂತು. ಸೌಟನ್ನು ತಂದು ಗುರುವಿನ ಕಾಲ ಬಳಿ ಇಟ್ಟಳು. ಸೊಂಟದಿಂದ ಕೆಂಪು ಬಟ್ಟೆ ತೆಗೆದು ಅದರ ಪಕ್ಕದಲ್ಲಿ ಇಟ್ಟಳು.

“ನಾನು ನೀರು ಹಾಕಿಕೊಂಡೇ ಇರುತ್ತೇನೆ, ಅಮ್ಮಾ.”

ಸಂಕಮ್ಮ ಕೈಯಾಡಿಸಿ ನೋಡಿದರು. ಸೌಟು ಸಿಕ್ಕಿತು, ಅದನ್ನು ಆಚೆ ಸರಿಸಿದರು. ಬಟ್ಟೆಯ ಚೂರು ಸಿಕ್ಕಿತು, ಅದನ್ನು ತೆಗೆದುಕೊಂಡು ಎದ್ದರು.

“ಕೈ ಹಿಡಿದುಕೋ. ಚಪ್ಪರದ ಹತ್ತಿರ ಹೋಗೋಣ.”

ಚಪ್ಪರದ ಬಳ್ಳಿ ಬುಡದಲ್ಲಿ ಹಳದಿಯಾಗಿತ್ತು. ಎಲೆಗಳು ಅಂಚಿನಲ್ಲಿ ಸುಟ್ಟಂತಿದ್ದವು.

“ನನಗೆ ಕಾಣುವುದಿಲ್ಲ. ಹೀಚು ಏನಾದರೂ ಇದೆಯಾ ನೋಡು.”

ಕುಮುದಿನಿ ಒಂದೊಂದೇ ಎಲೆ ಎತ್ತಿ ನೋಡಿದಳು. ಇಲ್ಲ. ಇಲ್ಲ. ಇಲ್ಲಿಯೂ ಇಲ್ಲ. ಚಪ್ಪರವನ್ನು ಒಂದು ಸುತ್ತು ಹಾಕಿದಳು, ಮತ್ತೊಂದು ಸುತ್ತು ಹಾಕಿದಳು.

ಬಡಗಣ ಕಂಬದ ಹಿಂದೆ, ಬಾಡಿದ ಹೂವನ್ನು ಇನ್ನೂ ಮೂತಿಗೆ ಅಂಟಿಸಿಕೊಂಡು ಒಂದು ಹೀಚು ಇತ್ತು. ಕಿರುಬೆರಳಿನಷ್ಟು.

“ಒಂದು ಇದೆ, ಅಮ್ಮಾ! ಒಂದೇ.”

“ಇರಲಿ.”

“ಇದು ಬಲಿಯುವವರೆಗೆ ಬಳ್ಳಿ ಬದುಕುತ್ತದಾ?”

“ಗೊತ್ತಿಲ್ಲ.”

“ಹುಳ ಕೊರೆದರೆ? ಕೊಳೆತು ಉದುರಿದರೆ?”

ಸಂಕಮ್ಮ ಬಟ್ಟೆಯ ಚೂರನ್ನು ಅವಳ ಅಂಗೈಯಲ್ಲಿ ಇಟ್ಟರು. “ಕಟ್ಟು.”

ಕುಮುದಿನಿ ಉಸಿರು ಹಿಡಿದು ಕಟ್ಟಿದಳು. ಗಾಳಿಗೆ ಬಿಚ್ಚದಂತೆ ಒಂದು ಗಂಟು. ಯಾರ ಕೈಗೂ ಬಾರದಂತೆ ಇನ್ನೊಂದು. ತನ್ನ ಕೈಗೂ ಬಾರದಂತೆ ಮತ್ತೊಂದು.

ಸಂಕಮ್ಮ ತಡವಿ ತಡವಿ ಆ ಗಂಟನ್ನು ಹುಡುಕಿದರು. ಬೆರಳಿನಿಂದ ಒತ್ತಿ ನೋಡಿದರು.

“ಸಡಿಲ ಮಾಡು, ತಾಯಿ. ಅದಿನ್ನೂ ದಪ್ಪ ಆಗಬೇಕು.”