ಕೆಂಪು ತುರಾಯಿ ಮರದ ಬೇರು ಮೇಲೆ ಬಂದದ್ದು

ಆಗಿನ್ನೂ ಭೂಮಿಯ ಮಣ್ಣು ಹಸಿಯಾಗಿತ್ತು. ಬೆಟ್ಟಗಳು ತಮ್ಮ ತಮ್ಮ ಜಾಗದಲ್ಲಿ ಕೂತು ಬಹಳ ಕಾಲವಾಗಿರಲಿಲ್ಲ. ನದಿಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಮರ, ಗಾಳಿ, ಹುಳ, ಮನುಷ್ಯ ಎಲ್ಲರೂ ಒಬ್ಬರನ್ನೊಬ್ಬರು ಮಾತಾಡಿಸುತ್ತಿದ್ದ ಕಾಲ ಅದು.

ಆ ಕಾಲದಲ್ಲಿ ಬೇರನ್ನು ಕಂಡವರೇ ಇರಲಿಲ್ಲ. ಎಲ್ಲ ಮರಗಳ ಬೇರೂ ಮಣ್ಣಿನೊಳಗೇ ಇರುತ್ತಿತ್ತು. ನಾವು ನೀವು ನಿಂತ ಹಾಗೆ ಮರವೂ ನೆಲದ ಮೇಲೆ ಸುಮ್ಮನೆ ನಿಂತಿದೆ ಎಂದೇ ಜನ ತಿಳಿದಿದ್ದರು.

ಸಾಕವ್ವನೂ ಹಾಗೇ ತಿಳಿದಿದ್ದಳು. ಅವಳ ಮನೆಯ ಮುಂದೆ ಒಂದು ಕೆಂಪು ತುರಾಯಿ ಮರವಿತ್ತು. ಅದರ ಕಾಯಿ ತಿನ್ನುವುದಕ್ಕಿಲ್ಲ, ಎಲೆ ಸಾರಿಗಿಲ್ಲ. ಹೂ ಬಿಟ್ಟಾಗ ನೋಡುವುದಕ್ಕೆ ಚೆಂದ, ಅಷ್ಟೇ. ಆ ಚೆಂದಕ್ಕೆ ಮರುಳಾಗಿ ಅವಳೇ ಬೀಜ ಊರಿ ಬೆಳೆಸಿದ್ದಳು.

ಆದರೆ ಸಾಕವ್ವನಿಗೆ ಮರಕ್ಕಿಂತ ಅಂಗಳದ ಮೇಲೆ ಹೆಚ್ಚು ಪ್ರೀತಿ. ಲೋಕದಲ್ಲಿ ಮೊದಲು ಅಂಗಳ ಮಾಡಿದವಳೇ ಅವಳು ಅಂತ ಹೇಳುತ್ತಾರೆ. ಬೆಳಿಗ್ಗೆ ಎದ್ದವಳೇ ಗುಡಿಸುವಳು. ಗುಡಿಸಿ ನೀರು ಚಿಮುಕಿಸಿ ಕೊರಡಿನಿಂದ ಬಡಿಯುವಳು. ಬಡಿದು ಸಗಣಿ ಸಾರಿಸುವಳು. ತುರಾಯಿ ಮರದ ಎಲೆಯೋ, ಅಕ್ಕಿಕಾಳಿನಷ್ಟು ಸಣ್ಣದು. ಗುಡಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಮತ್ತೆ ಉದುರಿರುತ್ತಿತ್ತು. ಮತ್ತೆ ಗುಡಿಸುವಳು. ಎಲೆಯ ಜೊತೆ ಒಂದಿಷ್ಟು ಮಣ್ಣೂ ಪೊರಕೆಗೆ ಹತ್ತಿ ತಿಪ್ಪೆ ಸೇರುತ್ತಿತ್ತು. ಅದು ಅವಳ ಲೆಕ್ಕಕ್ಕೇ ಬರಲಿಲ್ಲ.

ಎರೆಹುಳ ಒಂದು ದಿನ ತಲೆ ಹೊರಗೆ ಹಾಕಿತು. "ಅವ್ವಾ, ಇಷ್ಟು ಬಡೀಬೇಡ. ಕೆಳಗೆ ಉಸಿರು ಕಟ್ಟುತ್ತೆ."

"ನನ್ನ ಅಂಗಳ, ನನ್ನ ಕೊರಡು. ನಿನ್ನ ಯಾರು ಕೇಳಿದ್ರು?" ಎಂದಳು ಸಾಕವ್ವ. ಎರೆಹುಳ ಊರಾಚೆಯ ಹೊಲಕ್ಕೆ ಹೊರಟುಹೋಯಿತು.

ಅಂಗಳ ಕಲ್ಲಿನಷ್ಟು ಗಟ್ಟಿಯಾಯಿತು. ಬಿದ್ದ ನೀರು ಒಳಗಿಳಿಯದೆ ಹರಿದು ಹೋಗುತ್ತಿತ್ತು. ಸಾಕವ್ವ ಹಿಗ್ಗಿದಳು.

ಹೀಗಿರುವಾಗ ಒಂದು ಬೆಳಿಗ್ಗೆ, ಮರದಾಚೆ ಕೊಟ್ಟಿಗೆಯ ಕಡೆ ಗುಡಿಸುತ್ತಿದ್ದವಳ ಪೊರಕೆ ಏನಕ್ಕೋ ತಗುಲಿತು. ಬಗ್ಗಿ ನೋಡಿದಳು. ನೆಲ ಸೀಳಿಕೊಂಡು ಕಂದು ಬಣ್ಣದ ಬೆನ್ನೊಂದು ಮೇಲೆ ಬಂದಿತ್ತು! ತಲೆಯಿಲ್ಲ, ಬಾಲವಿಲ್ಲ. ಹರಿಯುವುದಿಲ್ಲ, ಬುಸುಗುಟ್ಟುವುದಿಲ್ಲ. ಹಾವಾದರೆ ಹಾವು ಅನ್ನಬಹುದಿತ್ತು. ಇದಕ್ಕೆ ಏನನ್ನುವುದು? ಅವಳು ಪೊರಕೆ ಬಿಟ್ಟು ಹಿಂದಕ್ಕೆ ಸರಿದಳು.

ಸುತ್ತಮುತ್ತ ನೋಡಿ, ಬುಟ್ಟಿ ಮಣ್ಣು ತಂದು ಸುರಿದು, ಗಟ್ಟಿಯಾಗಿ ಬಡಿದು, ಸಾರಿಸಿಬಿಟ್ಟಳು. ಯಾರಿಗೂ ಹೇಳಲಿಲ್ಲ.

ಕೆಲವು ದಿನ ಕಳೆದಿರಬೇಕು. ಮಣ್ಣು ಬಿರಿಯಿತು. ಅದು ಮತ್ತೆ ಮೇಲೆ ಬಂತು. ಪಕ್ಕದಲ್ಲೇ ಇನ್ನೊಂದು ಬಂತು. ಸಾಕವ್ವ ಮತ್ತೆ ಮಣ್ಣು ಸುರಿದಳು, ಮತ್ತೆ ಬಡಿದಳು. ಬಡಿದಷ್ಟೂ ಅವು ಮೇಲೆ ಬಂದವು. ಕೊನೆಗೆ ಒಂದು, ಬಾಗಿಲ ಕಡೆಗೇ ಮುಖ ಮಾಡಿ ಮೇಲೆದ್ದಿತು.

ಬಾಗಿಲ ಒಳಗೆ ತೊಟ್ಟಿಲಿತ್ತು. ತೊಟ್ಟಿಲಲ್ಲಿ ಅವಳ ಕೂಸಿತ್ತು.

ಈಗ ಸಾಕವ್ವನಿಗೆ ಅನ್ನ ಇಳಿಯಲಿಲ್ಲ. ಕಣ್ಣು ಮುಚ್ಚಿದರೆ, ಆ ಕಂದು ಬೆನ್ನು ಹೊಸ್ತಿಲು ದಾಟಿ ತೊಟ್ಟಿಲ ಕಾಲಿಗೆ ಸುತ್ತಿಕೊಂಡಂತೆ ಕಾಣುತ್ತಿತ್ತು. ತಡೆಯಲಾರದೆ ಗಂಡ ಚಲುವಯ್ಯನನ್ನು ಕರೆದಳು. "ರೀ, ಬನ್ನಿ ಇಲ್ಲಿ. ನೆಲದೊಳಗಿಂದ ಏನೋ ಬರ್ತಾ ಇದೆ. ನಮ್ಮ ಕೂಸಿಗೇ ಬರ್ತಾ ಇದೆ."

ಚಲುವಯ್ಯನೂ ನೋಡಿದ. ಅವನಿಗೂ ಹೆದರಿಕೆಯಾಯಿತು. ಆದರೆ ಹೆಂಡತಿಯ ಮುಂದೆ ಹೆದರಿದೆ ಅನ್ನುವುದುಂಟೇ? "ಮೊದಲು ಬಂದದ್ದು ಯಾವುದು, ತೋರಿಸು. ಅದನ್ನ ಕಡಿದರೆ ಮಿಕ್ಕವು ಓಡ್ತವೆ" ಎಂದು ಕೊಡಲಿ ತಂದ. ಕೊಟ್ಟಿಗೆಯ ಕಡೆಯದನ್ನು ಅವಳು ತೋರಿಸಿದಳು. ಅವನು ಕೊಡಲಿ ಎತ್ತಿ ಬೀಸಿದ. ಅದು ಎರಡು ತುಂಡಾಯಿತು.

"ಅಯ್ಯೋ ಅವ್ವಾ!"

ಕೂಗಿದ್ದು ನೆಲವಲ್ಲ. ಕೂಗಿದ್ದು ಮರ. ತುದಿಯ ತನಕ ನಡುಗಿ, ಹೂವೆಲ್ಲ ಉದುರಿಸಿಕೊಂಡು ಕೂಗಿತು.

ಸಾಕವ್ವ ಮರದತ್ತ ತಿರುಗಿದಳು. "ಇದು... ನಿಂದಾ?"

"ನನ್ನ ಬೇರು ಕಣವ್ವಾ. ನನ್ನ ಕಾಲು ಅಂತಿಟ್ಕೊ. ಕೆಳಗೆ ನೆಲ ಕಲ್ಲಾಗಿದೆ. ನೀರಿಲ್ಲ, ಉಸಿರಿಲ್ಲ. ಅದಕ್ಕೇ ಮೇಲೆ ಬಂದೆ."

"ಮೊದಲೇ ಹೇಳೋಕೇನಾಗಿತ್ತು?"

"ಹೇಳಿದ್ರೆ ಕಡೀತೀರಿ ಅಂತ ಹೆದರಿಕೆ."

ಇಷ್ಟು ದಿನ ಅವಳು ಮರಕ್ಕೆ ಹೆದರಿದ್ದಳು, ಮರ ಅವಳಿಗೆ ಹೆದರಿತ್ತು.

ಅಷ್ಟರಲ್ಲಿ ಕೊಟ್ಟಿಗೆಯ ಹಿಂದಿನಿಂದ ಗಾಳಿ ಓಡಿಬಂತು. "ದಾರಿ ಬಿಡಿ, ದಾರಿ ಬಿಡಿ! ನಮ್ಮಣ್ಣ ಬಿರುಗಾಳಿ ಬರ್ತಿದ್ದಾನೆ. ಅವನಿಗೆ ನಿಲ್ಲೋದು ಗೊತ್ತಿಲ್ಲ!"

ಹೇಳಿ ಮುಗಿಯುವ ಮೊದಲೇ ಆಕಾಶ ಕಪ್ಪಾಯಿತು. ಬಿರುಗಾಳಿ ಬಂದವನೇ ಮರದ ಎದೆಗೆ ಕೈಯಿಟ್ಟು ನೂಕಿದ. ಮರ ಮನೆಯ ಕಡೆಗೆ ವಾಲಿತು. ದೊಡ್ಡ ಕೊಂಬೆಯೊಂದು ಮುರಿದು ಬಾಗಿಲಿಗೆ ಅಡ್ಡ ಬಿತ್ತು. ಸಾಕವ್ವ ಓಡಿಹೋಗಿ ಎಳೆದಳು, ಕೊಂಬೆ ಅಲುಗಲಿಲ್ಲ. ಒಳಗೆ ಕೂಸು ಕಿರುಚುತ್ತಿತ್ತು.

"ಅವ್ವಾ, ಬೀಳ್ತೀನಿ" ಅಂತು ಮರ. "ಕೊಟ್ಟಿಗೆ ಕಡೆ ಹಿಡಿಯೋಕೆ ನನಗೆ ಇನ್ನು ಒಂದೇ ಬೇರು ಉಳಿದಿರೋದು. ಅದೂ ಕಿತ್ತು ಬರ್ತಾ ಇದೆ. ಬಿದ್ರೆ ನಿನ್ನ ಮನೆ ಮೇಲೇ ಬೀಳ್ತೀನಿ."

ಸಾಕವ್ವ ತಿರುಗಿ ನೋಡಿದಳು. ಕಡಿದ ಬೇರಿನ ಪಕ್ಕದಲ್ಲಿದ್ದ ಬೇರು ಹಗ್ಗದ ಹಾಗೆ ಬಿಗಿದು ನೆಲ ಬಿಟ್ಟು ಏಳುತ್ತಿತ್ತು. ಇಷ್ಟು ದಿನ ಮಣ್ಣು ಸುರಿದು ಬಡಿದಿದ್ದಳೇ ಹೊರತು, ಅದನ್ನು ಕೈಯಿಂದ ಮುಟ್ಟಲು ಅವಳಿಗೆ ಹೆದರಿಕೆ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಓಡಿದಳು. ಓಡಿ ಆ ಬೇರಿನ ಮೇಲೆ ಕೂತುಬಿಟ್ಟಳು.

"ಏನ್ ನೋಡ್ತೀರಿ, ಬನ್ರೀ!" ಎಂದು ಕೂಗಿದಳು.

ಚಲುವಯ್ಯ ಕೊಡಲಿ ಬಿಸಾಕಿ ಬಂದು ಅವಳ ಪಕ್ಕ ಕೂತ. ಬಿರುಗಾಳಿ ಮರವನ್ನು ನೂಕಿದ, ಬೇರು ಅವರಿಬ್ಬರನ್ನೂ ಎತ್ತಿತು. ಬಿರುಗಾಳಿ ಉಸಿರೆಳೆದುಕೊಂಡ, ಬೇರು ಇಳಿಯಿತು. ಎತ್ತಿತು, ಇಳಿಯಿತು. ಆಲಿಕಲ್ಲು ತಲೆಗೆ ಬಿದ್ದವು. ಅವರು ಏಳಲಿಲ್ಲ. ಬೇರನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದು, "ಬಿಡಬೇಡಪ್ಪಾ, ಬಿಡಬೇಡ" ಎಂದು ಸಾಕವ್ವ ಅಳುತ್ತಿದ್ದಳು.

ಕೊನೆಗೆ ಬಿರುಗಾಳಿಗೇ ಸಾಕಾಯಿತು, ಅವನು ಬೆಟ್ಟದ ಕಡೆ ಹೋದ. ಮರ ವಾಲಿಕೊಂಡೇ ನಿಂತಿತ್ತು, ಆದರೆ ನಿಂತಿತ್ತು. ಇಬ್ಬರೂ ಸೇರಿ ಕೊಂಬೆ ಸರಿಸಿ ಒಳಗೆ ಹೋದರೆ, ಕೂಸು ಅತ್ತು ಸುಸ್ತಾಗಿ ನಿದ್ದೆ ಹೋಗಿತ್ತು.

ಅವತ್ತಿನಿಂದ ಸಾಕವ್ವ ಮರದ ಬುಡ ಬಡಿಯಲಿಲ್ಲ. ಉದುರಿದ ಎಲೆಯನ್ನು ಬೇರಿನ ಮೇಲೇ ಹೊದಿಕೆಯಂತೆ ಹರಡಿದಳು. ನೆಲ ಮೆತ್ತಗಾಯಿತು, ಎರೆಹುಳವೂ ವಾಪಸು ಬಂತು. ಆಗ ಭೂಮಿತಾಯಿ ಬೇರನ್ನು ಕರೆದಳು. "ಈಗ ಹಾಯಾಗಿದೆಯಲ್ಲ, ಒಳಗೆ ಬಾ ಮಗು."

"ಬರಲ್ಲಮ್ಮ" ಅಂತು ಬೇರು. "ಒಳಗೆ ಹೋದ್ರೆ ನಾನಿದ್ದೀನಿ ಅನ್ನೋದೇ ಜನಕ್ಕೆ ಮರೆತುಹೋಗುತ್ತೆ. ಕಾಣೋ ಹಾಗೇ ಇರ್ತೀನಿ."

ಅದಕ್ಕೇ ಮಗು, ಇವತ್ತಿಗೂ ತುರಾಯಿ ಮರದ ಬೇರು ಅಂಗಳದ ಮೇಲೆಯೇ ಹರಡಿಕೊಂಡಿರುತ್ತದೆ. ಜೋರು ಗಾಳಿ ಬಂದು ಹೋದ ಮೇಲೆ ಅದರ ಮೇಲೆ ಕೈಯಿಟ್ಟು ನೋಡು, ಒಳಗೊಳಗೇ ನಡುಗುತ್ತಿರುತ್ತದೆ. ಪಾಪ, ಅದಕ್ಕೆ ಇನ್ನೂ ಹೆದರಿಕೆ ಹೋಗಿಲ್ಲ. ಒಂದು ಗಳಿಗೆ ಅದರ ಮೇಲೆ ಕೂತುಕೋ.