ಗೆದ್ದವನ ಕಾರಿಗೆ ಕಬ್ಬಿಣ

“ಗುರುಗಳೇ, ಚೆನ್ನಾಗಿ ಕಲಿಯುವವನಿಗೇ ಯಾಕೆ ಹೆಚ್ಚು ಹೊರೆ?” ಎಂದು ಚೆನ್ನವೀರ ಕೇಳಿದ.

ಮೂರು ದಿನದಿಂದ ಈ ಪ್ರಶ್ನೆ ಅವನ ಗಂಟಲಲ್ಲೇ ಇತ್ತು. ಹತ್ತು ಪದ್ಯ ತಪ್ಪಿಲ್ಲದೆ ಒಪ್ಪಿಸಿದರೆ ಗುರುಗಳು ಮರುದಿನ ಹದಿನೈದು ಕೊಡುತ್ತಿದ್ದರು. ಹದಿನೈದು ಒಪ್ಪಿಸಿದರೆ ಇಪ್ಪತ್ತು. ಜೊತೆಗಾರ ರುದ್ರೇಶ ತಡವರಿಸುತ್ತಿದ್ದ, ಅವನಿಗೆ ಐದೇ. ಐದನ್ನು ಮುಗಿಸಿ ಅವನು ಕೆರೆಗೆ ಈಜಲು ಹೋಗುತ್ತಿದ್ದ. ಹೊರೆ ಇಳಿಯದಿದ್ದರೆ ಪಾಠಶಾಲೆ ಬಿಡುವುದೆಂದು ಚೆನ್ನವೀರ ಬಟ್ಟೆಯನ್ನೂ ಗಂಟು ಕಟ್ಟಿಟ್ಟಿದ್ದ.

ಗುರುಗಳು ನಕ್ಕರು. “ಕೂತುಕೋ. ಕಾರು ಓಡಿಸುವವನೊಬ್ಬನ ಕತೆ ಹೇಳುತ್ತೇನೆ.”

ಜರ್ಮನಿಯಲ್ಲಿ ಒಬ್ಬ ರೇಸು ಚಾಲಕನಿದ್ದ. ಜನ ರಸ್ತೆಯಲ್ಲಿ ಓಡಿಸುವಂಥ ಕಾರುಗಳನ್ನೇ ಬಲಪಡಿಸಿ ಅಲ್ಲಿ ರೇಸಿಗೆ ಬಿಡುತ್ತಾರೆ. ಆ ರೇಸಿಗೊಂದು ಕಟ್ಟಳೆ. ಗೆದ್ದವನ ಕಾರಿಗೆ ಮುಂದಿನ ರೇಸಿನಲ್ಲಿ ಕಬ್ಬಿಣದ ತುಂಡು ಬಿಗಿಯಬೇಕು. ಸೋತವನ ಕಾರು ಹಗುರವಾಗಿ ಓಡಬಹುದು. ಎಲ್ಲರೂ ಸಮಸಮವಾಗಿ ಸೆಣಸಲಿ, ನೋಡುವವರಿಗೆ ಸೊಗಸಾಗಲಿ ಎಂದು ಮಾಡಿದ ನಿಯಮ ಅದು.

ಚಾಲಕ ಹದಿನಾಲ್ಕು ವರ್ಷ ಓಡಿಸಿದ್ದ. ವರ್ಷದ ಟ್ರೋಫಿ ಒಮ್ಮೆಯೂ ಸಿಕ್ಕಿರಲಿಲ್ಲ. ಈ ವರ್ಷವೂ ಸಿಗದಿದ್ದರೆ ಅವನ ಸೀಟಿನಲ್ಲಿ ಬೇರೆಯವನನ್ನು ಕೂರಿಸುವುದೆಂದು ತಂಡ ತೀರ್ಮಾನಿಸಿತ್ತು.

ಮೊದಲ ರೇಸನ್ನು ಅದೃಷ್ಟದಿಂದ ಗೆದ್ದ. ಮುಂದಿದ್ದ ಇಬ್ಬರು ಒಬ್ಬರಿಗೊಬ್ಬರು ತಾಗಿ ಮಣ್ಣಿಗಿಳಿದಿದ್ದರು. ಸೀಟಿನ ಪಕ್ಕಕ್ಕೆ ಹತ್ತು ಕಿಲೋ ಕಬ್ಬಿಣ ಬಂತು. ಎರಡನೆಯದನ್ನು ಜಾಣತನದಿಂದ ಗೆದ್ದ. ಇನ್ನೂ ಇಪ್ಪತ್ತು ಕಿಲೋ ಬಂತು.

“ಗೆದ್ದದ್ದಕ್ಕೆ ದಂಡವೇ? ಇದೆಂಥ ನ್ಯಾಯ?” ಎಂದು ರೇಗಿದ.

ಮುದುಕ ಮೆಕ್ಯಾನಿಕ್ ಸ್ಪ್ಯಾನರ್ ತಿರುಗಿಸುತ್ತಲೇ, “ಹಗುರ ಕಾರು ಬೇಕೇನಪ್ಪ? ಅದೇನು ಕಷ್ಟ, ಸೋತು ಬಾ,” ಎಂದ.

ಅದು ಕೀಟಲೆಯ ಮಾತು. ಚಾಲಕ ಅದನ್ನೇ ಉಪಾಯವೆಂದು ಹಿಡಿದ. ಮೂರನೆಯ ರೇಸಿನಲ್ಲಿ ಎಲ್ಲರಿಗಿಂತ ಮುಂದಿದ್ದವನು ಬೇಕೆಂದೇ ಕಾಲು ಸಡಿಲಿಸಿ ಎಂಟನೆಯವನಾಗಿ ಬಂದ. ಕಬ್ಬಿಣ ಇಳಿಯಿತು. ನಾಲ್ಕನೆಯ ರೇಸಿಗೆ ಸಿಳ್ಳೆ ಹಾಕುತ್ತ ಹೊರಟ. ಎಂಟನೆಯವನಾಗಿಯೇ ಬಂದ. ಐದನೆಯದರಲ್ಲಿ ಒಂಬತ್ತನೆಯವನಾದ.

ಆಗ ಕೂತು ಯೋಚಿಸಿದ. ಭಾರವಿದ್ದಾಗ ಅವನು ತಿರುವಿಗೆ ಸಾಕಷ್ಟು ಮೊದಲೇ ಬ್ರೇಕು ಒತ್ತುತ್ತಿದ್ದ. ಸ್ಟೀರಿಂಗನ್ನು ಮೆಲ್ಲಗೆ ತಿರುಗಿಸುತ್ತಿದ್ದ. ಟೈರುಗಳನ್ನು ಕೊನೆಯ ಸುತ್ತಿಗೆ ಉಳಿಸಿಕೊಳ್ಳುತ್ತಿದ್ದ. ಹಗುರವಾದ ಮೇಲೆ ಅದೊಂದೂ ಬೇಕೆನಿಸಿರಲಿಲ್ಲ. ಎಲ್ಲರಂತೆ ಓಡಿಸಿದ್ದ, ಎಲ್ಲರ ನಡುವೆ ಬಂದಿದ್ದ.

“ಅಜ್ಜ, ತಾಲೀಮಿಗೆ ಕಬ್ಬಿಣ ಬಿಗಿಯಿರಿ,” ಎಂದ.

“ಎಷ್ಟು?”

“ಎಷ್ಟಿದೆಯೋ ಅಷ್ಟೂ.”

ಗೆಲ್ಲದೆ ತೂಕ ಕೇಳಿದವನನ್ನು ಮುದುಕ ಜೀವಮಾನದಲ್ಲಿ ಕಂಡಿರಲಿಲ್ಲ. ನಕ್ಕ ನಗುವಿಗೆ ಸ್ಪ್ಯಾನರ್ ಕೈಜಾರಿ ಬಿತ್ತು.

ಅಂದಿನಿಂದ ಚಾಲಕ ಭಾರ ಹೊತ್ತೇ ತಾಲೀಮು ಮಾಡಿದ. ಆರನೆಯ ರೇಸು ಗೆದ್ದ; ಕಬ್ಬಿಣ ಬಂತು. ಏಳನೆಯದನ್ನೂ ಗೆದ್ದ, ಇನ್ನಷ್ಟು ಬಂತು. ಈಗ ತುಂಡುಗಳನ್ನು ಅವನೇ ಎತ್ತಿ ತಂದುಕೊಡುತ್ತಿದ್ದ. ಕೊನೆಯ ರೇಸಿಗೆ ಎಲ್ಲರ ತೂಕವನ್ನೂ ಇಳಿಸುವುದು ಅಲ್ಲಿನ ಪದ್ಧತಿ. ಆ ದಿನ ಅವನ ಕಾರು ನೆಲ ಮುಟ್ಟಿತೋ ಇಲ್ಲವೋ, ನೋಡಿದವರಿಗೇ ಅನುಮಾನ. ವರ್ಷದ ಟ್ರೋಫಿ ತೆಗೆದುಕೊಳ್ಳಲು ಅವನು ಕಬ್ಬಿಣದ ತುಂಡೊಂದನ್ನು ಕಂಕುಳಲ್ಲಿ ಇರುಕಿಕೊಂಡೇ ಮೆಟ್ಟಿಲು ಹತ್ತಿದ. ಜನ ಬಿದ್ದು ಬಿದ್ದು ನಕ್ಕು ಚಪ್ಪಾಳೆ ತಟ್ಟಿದರು. “ಏಯ್, ಅದು ಗ್ಯಾರೇಜಿನದು, ವಾಪಸು ತಾ!” ಎಂದು ಮುದುಕ ಕೆಳಗಿನಿಂದ ಕೂಗಿದ.

ಕತೆ ಮುಗಿಯಿತು. ಚೆನ್ನವೀರನೂ ನಗುತ್ತಿದ್ದ. ಆದರೂ ಪಟ್ಟು ಬಿಡಲಿಲ್ಲ.

“ಹಾಗಾದರೆ ನನ್ನ ಇಪ್ಪತ್ತು ಪದ್ಯ ಇಳಿಸುವುದಿಲ್ಲವೇ, ಗುರುಗಳೇ?”

“ಧಾರಾಳವಾಗಿ ಇಳಿಸೋಣ, ಅವನ್ನು ತನಗೆ ಕೊಡಿ ಎಂದು ರುದ್ರೇಶ ಬೆಳಿಗ್ಗೆಯೇ ಬಂದು ಕೇಳಿ ಹೋಗಿದ್ದಾನೆ.”

ಚೆನ್ನವೀರ ಪುಸ್ತಕವನ್ನು ಎದೆಗವಚಿಕೊಂಡ.